ಹದಿನೇಳನೆಯ ಕಾಲಂ

ಬಂದರಿನ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆಗೆ ಹೇಳಿಕೊಳ್ಳುವಂಥ ಅಂದಚಂದವೇನೂ ಇರಲಿಲ್ಲ. ಮುಂದೆ ಗ್ರಿಲ್ಲು ಹಾಕಿದ ಸಿಟೌಟು, ಒಳಗೆ ಚಾವಡಿ, ಚಾವಡಿಯ ಎಡಕ್ಕೆ ಅಜ್ಜಿಯ ಕೋಣೆ, ಆಮೇಲೆ ಊಟದ ಮೇಜಿಟ್ಟ ನಡುಕೋಣೆ, ಕೊನೆಗೆ ಅಡುಗೆಮನೆ. ಆದರೆ ರಮಳಾನಿನ ಕೊನೆಯ ಹತ್ತು ದಿನ ಆ ಮನೆಯ ಗತ್ತೇ ಬೇರೆ. ನನ್ನ ಅಪ್ಪನಿಗೆ, ನಾವು ಕರೆಯುವಂತೆ ಬಾಪನಿಗೆ, ಹಂಪನಕಟ್ಟೆಯಲ್ಲಿ ಬ್ಯಾಗಿನ ಅಂಗಡಿಯಿತ್ತು. ಅದರ ವರ್ಷದ ಗಳಿಕೆಯಲ್ಲಿ ಬಡವರಿಗೆ ಸಲ್ಲಬೇಕಾದ ಪಾಲನ್ನು, ಅಂದರೆ ಝಕಾತನ್ನು, ಬಾಪನ ತಾಯಿಯಾದ ಅಜ್ಜಿ ಆ ದಿನಗಳಲ್ಲಿ ಸಿಟೌಟಿನಲ್ಲಿ ಕೂತು ಹಂಚುತ್ತಿದ್ದರು. ಗೇಟಿನ ತನಕ ಹೆಂಗಸರ ಸಾಲು. ಪಡೆಯುವವರ ಕೈಯನ್ನಷ್ಟೇ ನೋಡಬೇಕು, ಮುಖ ನೋಡಬಾರದು ಎನ್ನುವುದು ಅಜ್ಜಿಯ ಕಟ್ಟಪ್ಪಣೆ. ನಾನು ಎಂಟು ವರ್ಷದ ಹುಡುಗಿ, ನೋಡಬೇಡ ಎಂದರೆ ನೋಡುವ ಜಾತಿಯವಳು. ಒಮ್ಮೆ ಕತ್ತೆತ್ತಿ ನೋಡಿದರೆ ಸಾಲಿನಲ್ಲಿ ನನ್ನದೇ ಕ್ಲಾಸಿನ ರಝಿಯಾ ತನ್ನ ತಾಯಿಯ ಸೆರಗು ಹಿಡಿದು ನಿಂತಿದ್ದಾಳೆ. ನಾನು ನಕ್ಕೆ. ಸ್ನೇಹಕ್ಕೇ ನಕ್ಕದ್ದು, ಅಷ್ಟು ಹೊತ್ತು ಬಿಸಿಲಲ್ಲಿ ನಿಂತ ಅವಳಿಗೆ ಅದು ಹಾಗೆ ಕಾಣಲಿಲ್ಲ. ಮರುದಿನದಿಂದ ಅವಳು ನನ್ನ ಬೆಂಚಿನಲ್ಲಿ ಕೂರಲಿಲ್ಲ. ಯಾಕೆಂದು ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು.

ಆ ಹತ್ತು ವರ್ಷದಲ್ಲಿ ಅಂಗಡಿ ಹೋಯಿತು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತೇವೆ ಎಂದು ಧಣಿಗಳು ಎಲ್ಲರನ್ನೂ ಎಬ್ಬಿಸಿದರು. ಹೊಸದರ ಬಾಡಿಗೆ ಕೇಳಿ ಬಾಪ ಚಾ ಕುಡಿಯದೆ ಎದ್ದು ಬಂದರಂತೆ. ಒಂದಷ್ಟು ದಿನ ಸಿಟೌಟಿನಲ್ಲಿ ಪೇಪರು ಓದುತ್ತಾ ಕೂತರು. ಆಮೇಲೆ ತೊಕ್ಕೊಟ್ಟಿನಲ್ಲಿ ಯಾರದೋ ಚಪ್ಪಲಿ ಅಂಗಡಿಗೆ ಸೇಲ್ಸ್‌ಮನ್ ಆಗಿ ಸೇರಿದರು. ಆದರೆ ಬೆಳಿಗ್ಗೆ ಹೊರಡುವ ಠೀವಿ ಮಾತ್ರ ಮೊದಲಿನದೇ. ಇಸ್ತ್ರಿ ಹಾಕಿದ ಶರಟು, ಜೇಬಿನಲ್ಲಿ ಎರಡು ಪೆನ್ನು. ಓಣಿಯವರು ಕೇಳಿದರೆ ಅಂಗಡಿಗೆ ಹೊರಟೆ ಎನ್ನುವರು. ಯಾರ ಅಂಗಡಿ ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮನೆಯ ಒಳಗೂ ಅದೇ ನಾಟಕ. ದುಬಾರಿಯ ಅಂಜಲ್ ಮೀನು ಬರುತ್ತಿದ್ದ ಅಡುಗೆಮನೆಗೆ ಅಗ್ಗದ ಬೂತಾಯಿ ಬರತೊಡಗಿತು. ಅದೂ ಇಲ್ಲದ ದಿನ ಒಣಮೀನಿನ ಚಟ್ನಿ. ಅಂಜಲ್‌ನಲ್ಲಿ ಈಗ ರುಚಿಯೇ ಇಲ್ಲ ಎಂದು ಅಜ್ಜಿ ಫರ್ಮಾನು ಹೊರಡಿಸಿದರು. ನನ್ನ ತಾಯಿ, ಉಮ್ಮ, ತಲೆ ತಗ್ಗಿಸಿ ಬೂತಾಯಿ ಕೊಯ್ಯುತ್ತಾ ಹೂಂಗುಟ್ಟಿದರು. ಇಲ್ಲದ ಸಿರಿಯನ್ನು ನಟಿಸುವುದರಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿರಲಿಲ್ಲ. ನಾನೇನೂ ಕಡಿಮೆಯಿರಲಿಲ್ಲ. ಕಾಲೇಜಿನಲ್ಲಿ ಕ್ಯಾಂಟೀನಿಗೆ ಕರೆದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ. ಒಂದಿಡೀ ವರ್ಷ ನನ್ನ ಹೊಟ್ಟೆ ಸರಿಯಿರಲಿಲ್ಲ.

ನಾನು ಓದುತ್ತಿದ್ದದ್ದು ಲ್ಯಾಬ್ ಟೆಕ್ನಿಷಿಯನ್ ಕೋರ್ಸು. ಮೊದಲ ವರ್ಷದ ಫೀಸು ಬಾಪ ಹೇಗೋ ಕಟ್ಟಿದ್ದರು. ಎರಡನೆಯ ವರ್ಷದ್ದು ಕಟ್ಟಲು ಎರಡು ತಿಂಗಳ ಗಡುವಿತ್ತು. ತಪ್ಪಿದರೆ ಹೆಸರು ಪಟ್ಟಿಯಿಂದ ಹೋಗುತ್ತದೆ, ಮತ್ತೆ ಸೇರಬೇಕಾದರೆ ಮೊದಲಿನಿಂದ. ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದ ದಿನದಿಂದ ನನಗೆ ಬೇರೆ ಯಾವ ಕೆಲಸವೂ ಬೇಡವಾಗಿತ್ತು. ಕಾಲೇಜಿನ ಆಫೀಸಿನಲ್ಲಿ ಸ್ಕಾಲರ್‌ಶಿಪ್ಪಿನ ಮೇಜು ನೋಡಿಕೊಳ್ಳುತ್ತಿದ್ದವರು ಹರಿಣಾಕ್ಷಿ ಮೇಡಂ. ಬಾಯಿ ಜೋರು, ಮನಸ್ಸು ನೆನೆದ ಅವಲಕ್ಕಿಯಷ್ಟು ಮೆದು. ನಾನು ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದಾಗ ಅವರೇ ಕರೆದರು.

"ಎಂತ ಮಾರಾಯ್ತಿ, ಮೂರು ದಿನದಿಂದ ಬಾಗಿಲಲ್ಲಿ ನಿಲ್ತೀ, ಹೋಗ್ತೀ. ಫೀಸಿನ ವಿಷಯವಾ?"

"ನನಗಲ್ಲ ಮೇಡಂ, ನನ್ನ ಫ್ರೆಂಡಿಗೆ."

"ಆಯ್ತು, ನಿನ್ನ ಫ್ರೆಂಡಿನ ಆಧಾರ್ ಕಾರ್ಡಿನ ಝೆರಾಕ್ಸ್ ತಾ. ಅದರಲ್ಲಿ ನಿನ್ನದೇ ಫೋಟೋ ಇದ್ರೂ ನಾನು ಎಂತ ಹೇಳುವುದಿಲ್ಲ."

ಹೀಗೆ ಶುರುವಾಯಿತು. ಮೇಡಂ ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಟ್ಟರು. ಸರಕಾರದ್ದು ಒಂದು, ಅಂಕದ ಮೇಲೆ ಕೊಡುವುದು ಒಂದು, ಯಾವುದೋ ಕಂಪೆನಿಯದ್ದು, ಕೊನೆಯಲ್ಲಿ ನಮ್ಮ ಮಸೀದಿಯ ಜಮಾತಿನ ಟ್ರಸ್ಟಿನದ್ದು. ಕೊನೆಯದನ್ನು ನಾನು ನೋಡಿಯೂ ನೋಡದ ಹಾಗೆ ಮಡಚಿದೆ. ಸರಕಾರದ್ದರ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ಅಜ್ಜಿ ಮೊದಲು ಕಣ್ಣು ಕೆಂಪು ಮಾಡಿದರು. ಆಮೇಲೆ ಅದರ ಹೆಸರು ಕೇಳಿದರು. ವಿದ್ಯಾರ್ಥಿವೇತನ ಎಂದೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ, ಅಜ್ಜಿಗೆ ಕನ್ನಡ ಪೇಪರಿನಷ್ಟೇ ಪರಿಚಯ.

"ವೇತನ ಅಂದ್ರೆ ಸಂಬಳ ಅಲ್ವಾ?"

"ಹೌದಜ್ಜಿ."

"ಸಂಬಳ ಆದ್ರೆ ತೊಂದರೆ ಇಲ್ಲ. ಓದುವುದು ಒಂದು ಕೆಲಸವೇ."

ಸಂಜೆಯೊಳಗೆ ಅಜ್ಜಿ ಗ್ರಿಲ್ಲಿನ ಬಳಿ ನಿಂತು, ಮೊಮ್ಮಗಳಿಗೆ ಓದುವುದಕ್ಕೇ ಸರಕಾರ ಸಂಬಳ ಕೊಡುತ್ತದೆಂದು ನೆರೆಮನೆಗೆ ಸಾರಿಬಿಟ್ಟಿದ್ದರು. ಆ ಸಂಬಳ ಬರಲೇ ಇಲ್ಲ. ಅಂಕಪಟ್ಟಿಯಲ್ಲಿ ನಾನು ಬರೇ ಮಿಸ್ರಿಯಾ. ಆಧಾರ್ ಮಾಡಿಸುವ ದಿನ ಕೌಂಟರಿನವನು ಬರೇ ಮಿಸ್ರಿಯಾವಾ ಎಂದು ಕೇಳಿದ್ದಕ್ಕೆ, ಏನೋ ಕಡಿಮೆಯಾಯಿತೆಂದು ಉಮ್ಮ ಬಾನು ಎಂದು ಸೇರಿಸಿದ್ದರು. ಒಂದು ಬಾನುವಿನಿಂದ ನಾನು ಇಬ್ಬರು ಹುಡುಗಿಯರಾಗಿದ್ದೆ, ಕಂಪ್ಯೂಟರಿಗೆ ಇಬ್ಬರೂ ಬೇಡವಾದರು. ತಿದ್ದಿಸಿ ತರುವಷ್ಟರಲ್ಲಿ ಕೊನೆಯ ದಿನ ದಾಟಿತು. ಅಂಕದ ಮೇಲಿನದ್ದಕ್ಕೆ ಎರಡು ಅಂಕ ಕಡಿಮೆ. ಕಂಪೆನಿಯವರು ಉತ್ತರವನ್ನೇ ಕೊಡಲಿಲ್ಲ. ಹಾಳೆಯಲ್ಲಿ ಉಳಿದದ್ದು ನಾನು ಮಡಚಿಟ್ಟ ಕೊನೆಯ ಸಾಲು. ಗಡುವಿಗೆ ಮೂರೇ ವಾರವಿತ್ತು.

ಅಂಗಡಿಯಿದ್ದ ಕಾಲದಲ್ಲಿ ಆ ಟ್ರಸ್ಟಿನ ಕಮಿಟಿಯಲ್ಲಿ ಬಾಪ ಮೂರು ವರ್ಷ ಕೂತಿದ್ದರು. ಆಗ ಅವರು ಅರ್ಜಿಗಳ ಕಟ್ಟನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿ, ಪೆನ್ನಿನಿಂದ ಒಂದೊಂದನ್ನೇ ಗುರುತು ಮಾಡುತ್ತಿದ್ದುದು ನನಗೆ ನೆನಪಿದೆ. ಮೇಜಿನ ಬಳಿ ಸುಳಿದರೆ ಗದರುತ್ತಿದ್ದರು. ಬೇರೆಯವರ ಮನೆಯ ಕಷ್ಟ ನೀನು ಓದಬಾರದು ಎಂದು. ಈಗ ಅದೇ ಅರ್ಜಿಯನ್ನು ನಾನು ಅದೇ ಮೇಜಿನ ಮೇಲೆ ತಂದಿಟ್ಟೆ. ಮಧ್ಯಾಹ್ನದ ಊಟದ ಹೊತ್ತು. ಶುಕ್ರವಾರವಾದ್ದರಿಂದ ಬಾಪ ನಮಾಝ್ ಮುಗಿಸಿ ಮನೆಗೆ ಬಂದಿದ್ದರು. ಬಟ್ಟಲಲ್ಲಿ ಅಕ್ಕಿ ಉಂಡೆಯ ಪುಂಡಿ, ಬೂತಾಯಿಯ ಸಾರು. ಟ್ರಸ್ಟಿನ ಹೆಸರು ನೋಡಿದೊಡನೆ ಬಾಪನ ಕೈ ಸಾರಿನಲ್ಲೇ ನಿಂತಿತು. ಯಾರೂ ಏನೂ ಹೇಳುವ ಮೊದಲೇ ಅಜ್ಜಿಗೆ ವಾಸನೆ ಹತ್ತಿತ್ತು.

"ಅದು ಎಂತ ಕಾಗದ?"

"ಸ್ಕಾಲರ್‌ಶಿಪ್ಪಿನದ್ದು ಅಜ್ಜಿ. ಟ್ರಸ್ಟಿನದ್ದು."

"ಟ್ರಸ್ಟಿನಲ್ಲಿ ಇರುವುದು ಯಾವ ಹಣ ಅಂತ ನಿನಗೆ ಗೊತ್ತುಂಟಾ? ಝಕಾತಿನದ್ದು. ಈ ಮನೆಯಿಂದ ಹೋದದ್ದು. ಅದನ್ನು ಈ ಮನೆಗೆ ತರುವುದಾ? ನಾನು ಕಣ್ಣು ಮುಚ್ಚಿದ ಮೇಲೆ ತನ್ನಿ, ನನಗೆ ಕಾಣುವುದಿಲ್ಲ."

ಆಗ ಉಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ನನಗೆ ಬುದ್ಧಿ ಬಂದಂದಿನಿಂದ ಅವರು ಅತ್ತೆಯ ಮಾತಿಗೆ ಎದುರು ಹೇಳಿದ್ದನ್ನು ನಾನು ಕಂಡಿರಲಿಲ್ಲ.

"ಮಾಮಿ, ಮರ್ಯಾದೆಯನ್ನು ಕಾಲೇಜಿನ ಕೌಂಟರಿನಲ್ಲಿ ತಕ್ಕೊಳ್ಳುವುದಿಲ್ಲ. ನಾನು ಕೇಳಿ ಬಂದಿದ್ದೇನೆ."

"ನಿನಗೆ ನಾಲಿಗೆ ಬಂತಾ?"

"ಮಗಳಿಗೆ ಬೇಕಾಗಿ ಬಂತು."

ಅಜ್ಜಿ ಬಟ್ಟಲನ್ನು ದೂಡಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಾರು ಚೆಲ್ಲಿ ಮೇಜಿನ ಬಟ್ಟೆಯ ಮೇಲೆ ಹರಿಯಿತು. ನಾನು ಅರ್ಜಿಯನ್ನು ಎತ್ತಿ ಹಿಡಿದೆ. ಅಂಚು ಮಾತ್ರ ಒದ್ದೆಯಾಗಿತ್ತು. ಬಾಪ ಕೈ ತೊಳೆದು ಬಂದು, ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಭಾನುವಾರ ಬೆಳಿಗ್ಗೆ ತುಂಬಿಸಿ ಸಹಿ ಹಾಕಿ, ಅಂಟಿಸದ ಲಕೋಟೆಯಲ್ಲಿಟ್ಟು ಕೊಟ್ಟರು. ಅಜ್ಜಿ ಎರಡು ದಿನದಿಂದ ಯಾರೊಡನೆಯೂ ಮಾತಾಡಿರಲಿಲ್ಲ. ಹೊತ್ತುಹೊತ್ತಿಗೆ ಊಟವನ್ನು ಮಾತ್ರ ಕೋಣೆಗೆ ತರಿಸಿಕೊಳ್ಳುತ್ತಿದ್ದರು, ಸಿಟ್ಟಿಗೂ ಹಸಿವಿಗೂ ಅವರಲ್ಲಿ ಜಗಳವಿರಲಿಲ್ಲ. ಬಾಪ ಮಾತ್ರ ಎರಡು ದಿನದಲ್ಲಿ ಹಣ್ಣಾಗಿದ್ದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ, ಲಕೋಟೆಯನ್ನು ಪುಸ್ತಕದ ನಡುವೆ ಇಟ್ಟೆ.

ಸೋಮವಾರ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅರ್ಜಿಯನ್ನು ತೆಗೆದು ಓದಿದೆ. ಬಾಪನ ಅಕ್ಷರ ಮುತ್ತಿನಂತೆ. ಹೆಸರು, ವಿಳಾಸ, ಕೋರ್ಸು ಎಲ್ಲ ಸರಿ. ತಂದೆಯ ಕೆಲಸ ಎನ್ನುವಲ್ಲಿ ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್ ಎಂದು ಬರೆದಿದ್ದರು. ಆ ಮಾತನ್ನು ಅವರ ಬಾಯಿಂದ ಒಮ್ಮೆಯೂ ಕೇಳದ ನಾನು ಅವರ ಕೈಬರಹದಲ್ಲಿ ಓದಿದೆ. ಅಷ್ಟು ಬರೆದವರು ಮುಂದೆ ಹದಿನೇಳನೆಯ ಕಾಲಮಿನಲ್ಲಿ ಎಡವಿದ್ದರು. ಅರ್ಜಿದಾರರ ಕುಟುಂಬವು ಝಕಾತ್ ಪಡೆಯಲು ಅರ್ಹವೇ? ಕೆಳಗೆ ಎರಡು ಚೌಕ. ಒಂದರ ಪಕ್ಕ ಹೌದು, ಇನ್ನೊಂದರ ಪಕ್ಕ ಇಲ್ಲ. ಬಾಪ ಇಲ್ಲ ಎನ್ನುವ ಚೌಕದೊಳಗೆ ಗುರುತು ಹಾಕಿದ್ದರು. ತಪ್ಪಿ ಬಿದ್ದ ಗುರುತಲ್ಲ ಅದು. ಪೆನ್ನು ಒತ್ತಿ ಹಾಕಿದ್ದು, ಹಾಳೆಯ ಹಿಂಬದಿಯಲ್ಲಿ ಬೆರಳಿಗೆ ತಾಗುತ್ತಿತ್ತು.

ಹರಿಣಾಕ್ಷಿ ಮೇಡಂ ಅದನ್ನು ನೋಡಿ ಹಣೆ ಹಿಡಿದುಕೊಂಡರು. ಕಾಲೇಜಿನ ಮೊಹರು ಬಿದ್ದ ಅರ್ಜಿಗಳನ್ನು ಆ ದಿನ ಮಧ್ಯಾಹ್ನವೇ ಟ್ರಸ್ಟಿನ ಆಫೀಸಿಗೆ ಕಳಿಸಬೇಕಿತ್ತು.

"ಇದು ಝಕಾತಿನ ಫಂಡು ಅಂತ ಮೇಲೆಯೇ ಪ್ರಿಂಟು ಉಂಟಲ್ಲ ಮಾರಾಯ್ತಿ. ಅರ್ಹರಲ್ಲ ಅಂತ ನಿಮ್ಮ ತಂದೆಯೇ ಬರೆದ್ರೆ ಅವರು ಎಂತ ಮಾಡುವುದು? ಬದಿಗೆ ಇಡ್ತಾರೆ, ಅಷ್ಟೆ."

"ಹೊಸ ಫಾರ್ಮು ಉಂಟಾ ಮೇಡಂ?"

"ಫಾರ್ಮು ಉಂಟು. ಸಹಿ ಬೇಕಲ್ಲ. ತಂದೆಗೆ ಫೋನು ಮಾಡು, ಈಗಲೇ ಬರ್ಲಿ."

ಮೊಬೈಲು ಕೈಯಲ್ಲಿತ್ತು. ಮಾಡಲಿಲ್ಲ. ಅಂಗಡಿಯಲ್ಲಿ ಯಾರದೋ ಕಾಲಿಗೆ ಚಪ್ಪಲಿ ಹಾಕಿ ನೋಡುತ್ತಿರುವ ಬಾಪನಿಗೆ ನಾನು ಎಂತ ಹೇಳಲಿ? ನಾವು ಬಡವರು ಅಂತ ಬರೆದು ಹೋಗಿ ಎಂದೇ? ಮೇಡಂ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಡ್ರಾಯರು ಎಳೆದು ವೈಟ್‌ನರಿನ ಪುಟ್ಟ ಬಾಟಲಿಯನ್ನು ಮೇಜಿನ ಮೇಲಿಟ್ಟು, ಚಾ ಕುಡಿದು ಬರ್ತೇನೆ ಎಂದು ಎದ್ದು ಹೋದರು. ನಾನು ಬಾಟಲಿಯನ್ನು ಅಲ್ಲಾಡಿಸಿದೆ. ಆಗ ನೆನಪಾದದ್ದು ರಝಿಯಾ. ಬಿಸಿಲಿನ ಸಾಲಿನಲ್ಲಿ ನಿಂತು ಅವಳು ನನ್ನನ್ನು ನೋಡಿದ ನೋಟಕ್ಕೆ ಅರ್ಥ ಅವತ್ತು ಆಫೀಸಿನ ಫ್ಯಾನಿನ ಕೆಳಗೆ ನನಗೆ ಹೊಳೆಯಿತು. ಆದರೂ ಬಾಪನ ಗುರುತಿನ ಮೇಲೆ ಬಿಳಿ ಬಳಿದೆ, ಊದಿ ಒಣಗಿಸಿದೆ, ಹೌದು ಎನ್ನುವ ಚೌಕದಲ್ಲಿ ನನ್ನ ಪೆನ್ನಿನಿಂದ ಗುರುತು ಹಾಕಿದೆ. ನನ್ನ ತಂದೆಯನ್ನು ನಾನೇ ಬಡವರ ಪಟ್ಟಿಗೆ ಸೇರಿಸಿದ ಹಾಗಾಯಿತು.

ಆಮೇಲಿನ ಹನ್ನೊಂದು ದಿನ ನಾನು ಕಳ್ಳಿಯ ಹಾಗೆ ಬದುಕಿದೆ. ಅಜ್ಜಿಯ ಮೌನ ಮುರಿದಿತ್ತು, ಬೂತಾಯಿಗೆ ಹುಳಿ ಹೆಚ್ಚಾಯಿತು ಎನ್ನುವಷ್ಟರ ಮಟ್ಟಿಗೆ. ಉಮ್ಮ ಬಾಗಿಲಿನ ಸದ್ದಾದರೆ ನನ್ನ ಮುಖ ನೋಡುವರು. ಬಾಪ ಅರ್ಜಿಯ ಸುದ್ದಿಯನ್ನೇ ಎತ್ತಲಿಲ್ಲ. ಅದು ಬರುವುದಿಲ್ಲವೆಂದು ಅವರಿಗೆ ಗೊತ್ತು, ಅವರೇ ಮುಚ್ಚಿದ ಬಾಗಿಲು ಎಂದು ನಾನು ಅಂದುಕೊಂಡೆ. ಕೋಪ ಬಂತು. ಮಗಳಿಗಿಂತ ಇವರಿಗೆ ಹೆಸರು ದೊಡ್ಡದಾಯಿತಲ್ಲ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ್ದೂ ಉಂಟು. ಹನ್ನೆರಡನೆಯ ದಿನ ಬಾಪನ ಮೊಬೈಲಿಗೆ ಕರೆ ಬಂತು. ನಾಳೆ ಹತ್ತು ಗಂಟೆಗೆ ಇಂಟರ್‌ವ್ಯೂ, ತಂದೆ ಮಗಳು ಇಬ್ಬರೂ ಬರಬೇಕು. ಬಾಪ ಫೋನನ್ನು ಕಿವಿಯಿಂದ ತೆಗೆದ ಮೇಲೂ ಅದನ್ನೇ ನೋಡುತ್ತಾ ನಿಂತರು.

"ಕರೆದಿದ್ದಾರೆ" ಎಂದರು. ಹೇಗೆ ಕರೆದರು ಎನ್ನುವ ಪ್ರಶ್ನೆ ಆ ಮಾತಿನಲ್ಲಿತ್ತು. ನಾನು ಫೈಲು ಹುಡುಕುವ ನೆವದಲ್ಲಿ ಒಳಗೆ ಹೋದೆ.

ಟ್ರಸ್ಟಿನ ಆಫೀಸು ಮಸೀದಿಯ ಪಕ್ಕದ ಕಟ್ಟಡದ ಮಾಳಿಗೆಯಲ್ಲಿ. ಬಾಪ ಇಸ್ತ್ರಿ ಶರಟು ಹಾಕಿಕೊಂಡಿದ್ದರು. ಹೊರಗಿನ ಬೆಂಚಿನಲ್ಲಿ ಏಳೆಂಟು ತಂದೆತಾಯಿಯರು ಕೂತಿದ್ದರು. ಒಬ್ಬರು ಬಾಪನನ್ನು ಕಂಡು ತಟಕ್ಕನೆ ಎದ್ದು ಸಲಾಂ ಹೇಳಿ, ನೀವು ಒಳಗೆ ಹೋಗಿ, ನಾವು ಕಾಯ್ತೇವೆ ಎಂದರು. ಬಾಪ ಈಗಲೂ ಕಮಿಟಿಯಲ್ಲಿದ್ದಾರೆಂದು ಅವರ ಎಣಿಕೆ. ಬಾಪ ಮೆಲ್ಲಗೆ ನಕ್ಕು, ಅವರ ಪಕ್ಕದಲ್ಲೇ ಬೆಂಚಿನ ತುದಿಯಲ್ಲಿ ಕೂತರು. ಆ ಮನುಷ್ಯ ಒಮ್ಮೆ ಬಾಪನನ್ನು, ಒಮ್ಮೆ ನನ್ನ ಕೈಯ ಫೈಲನ್ನು ನೋಡಿ ಮುಖ ಆಚೆ ತಿರುಗಿಸಿದರು. ನನಗೆ ಎದ್ದು ಓಡಿಹೋಗೋಣ ಅನ್ನಿಸಿತು.

ಒಳಗೆ ಮೂವರಿದ್ದರು. ನಡುವೆ ಅಧ್ಯಕ್ಷರಾದ ಪುತ್ತುಬಾವ ಹಾಜಿ, ಬಾಪನ ಹಳೆಯ ಸ್ನೇಹಿತರು. ಎಡಕ್ಕೆ ಒಬ್ಬ ಡಾಕ್ಟರು. ಬಲಕ್ಕೆ ಆ ವರ್ಷವಷ್ಟೇ ಕಮಿಟಿಗೆ ಬಂದ ಎಳೆಯ ವಕೀಲರು, ಅವರಿಗೆ ನಮ್ಮ ಪರಿಚಯವಿಲ್ಲ. ಡಾಕ್ಟರು ನನ್ನನ್ನು ಪಾಠದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು. ಹಾಜಿಯವರು ಮೇಜಿನ ಅಂಚನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ವಕೀಲರು ಅರ್ಜಿಯನ್ನು ಬೆಳಕಿಗೆ ಹಿಡಿದರು.

"ಇಲ್ಲಿ ಎಂತದೋ ಬಿಳಿ ಬಳಿದದ್ದು ಉಂಟಲ್ಲ. ಹದಿನೇಳನೆಯ ಕಾಲಮಿನಲ್ಲಿ." ಉಗುರಿನಿಂದ ಕೆರೆದರು. "ಕೆಳಗೆ ಇಲ್ಲ ಅಂತ ಟಿಕ್ ಉಂಟು. ಮೇಲೆ ಹೌದು ಅಂತ. ಪೆನ್ನು ಬೇರೆ. ಇದನ್ನು ತಿದ್ದಿದ್ದು ಯಾರು?"

ಬಾಪ ಅರ್ಜಿಯ ಕಡೆ ಬಾಗಿ ನೋಡಿದರು. ಕರೆ ಹೇಗೆ ಬಂತೆಂದು ಅವರಿಗೆ ಆಗ ತಿಳಿಯಿತು. ನಾನು ಎಂದು ಹೇಳಲು ಎದ್ದು ನಿಂತೆ. ಬಾಪ ನನ್ನ ಮೊಣಕೈ ಹಿಡಿದು ಕೂರಿಸಿದರು.

"ನಾನೇ" ಎಂದರು.

ಹಾಜಿಯವರು ತಲೆಯೆತ್ತಿದರು. "ಬಿಡಿ ವಕೀಲರೇ. ಹಮೀದ್ ನಮ್ಮವನೇ. ಈ ಕಾಲಮನ್ನು ಹಾಕಿಸಿದ್ದೇ ಇವನು. ಕಾರು ಇದ್ದವರೆಲ್ಲ ಅರ್ಜಿ ಹಾಕ್ತಾರೆ, ಬಾಯಿಬಿಟ್ಟು ಹೇಳುವ ಹಾಗೆ ಒಂದು ಕಾಲಂ ಬೇಕು ಅಂತ ಜಗಳ ಮಾಡಿ ಹಾಕಿಸಿದ." ಆಮೇಲೆ ಬಾಪನ ಕಡೆ ತಿರುಗಿ ದನಿ ತಗ್ಗಿಸಿದರು. "ಹಮೀದ್, ಅದನ್ನು ಖಾಲಿ ಬಿಡುವಾ. ನಾನು ನನ್ನ ಕೈಯಿಂದ ಕೊಡ್ತೇನೆ. ಅದು ಝಕಾತ್ ಅಲ್ಲ, ನನ್ನ ಮಗಳಿಗೆ ಕೊಟ್ಟ ಹಾಗೆ. ಯಾರಿಗೂ ಗೊತ್ತಾಗುವುದಿಲ್ಲ."

ಒಪ್ಪಿಕೊಳ್ಳಿ ಬಾಪ, ಮರ್ಯಾದೆಯೂ ಉಳಿಯುತ್ತದೆ, ಸೀಟೂ ಉಳಿಯುತ್ತದೆ ಎಂದು ನನ್ನ ಮನಸ್ಸು ಕೂಗುತ್ತಿತ್ತು.

"ಖಾಲಿ ಬಿಟ್ಟ ಅರ್ಜಿ ತೆಗೆದುಕೊಳ್ಳಬಾರದು ಅಂತ ಹೇಳಿದ್ದೂ ನಾನೇ ಅಲ್ವಾ ಹಾಜಿ" ಎಂದರು ಬಾಪ. "ಎಷ್ಟು ಜನರನ್ನು ಈ ಕುರ್ಚಿಯಲ್ಲಿ ಕೂರಿಸಿ ಕೇಳಿದ್ದೇನೆ. ನನ್ನನ್ನೂ ಕೇಳಲಿ."

ವಕೀಲರಿಗೆ ಮುಜುಗರವಾಗಿತ್ತು. ಆದರೂ ಕೇಳಿದರು.

"ಹಾಗಾದ್ರೆ ನೀವೇ ಹೇಳಿ. ಅರ್ಹರಾ?"

"ಹೌದು." ಬಾಪ ಕುರ್ಚಿಯಲ್ಲಿ ನೆಟ್ಟಗೆ ಕೂತು ಇನ್ನೊಮ್ಮೆ, ಹೊರಗಿನ ಬೆಂಚಿಗೂ ಕೇಳುವಷ್ಟು ಸ್ಪಷ್ಟವಾಗಿ ಹೇಳಿದರು. "ಹೌದು. ಈಗ ಅರ್ಹರು."

ಜೇಬಿನಿಂದ ಪೆನ್ನು ತೆಗೆದು ಆ ಬಿಳಿಯ ಮಚ್ಚೆಯ ಪಕ್ಕದಲ್ಲಿ ಸಹಿ ಹಾಕಿದರು. ಹಾಜಿಯವರು ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ನಾವು ಎದ್ದು ಸಲಾಂ ಹೇಳಿ ಹೊರಬಂದೆವು. ಬೆಂಚಿನಲ್ಲಿದ್ದವರು ಕಾಲು ಹಿಂದಕ್ಕೆಳೆದು ದಾರಿ ಬಿಟ್ಟರು. ಮುಂದಿನ ವಾರ ಫೀಸು ಟ್ರಸ್ಟಿನಿಂದಲೇ ಕಾಲೇಜಿಗೆ ಹೋಯಿತು, ನನ್ನ ಹೆಸರು ಪಟ್ಟಿಯಲ್ಲಿ ಉಳಿಯಿತು, ಅಂದಿನಿಂದ ಇಂದಿನವರೆಗೆ ನಾನು ಉಣ್ಣುತ್ತಿರುವುದು ಆ ಕೋರ್ಸಿನ ಅನ್ನವನ್ನೇ. ಆದರೆ ಅಂದು ಮೆಟ್ಟಿಲಿಳಿಯುವಾಗ ಅದಾವುದೂ ನನಗೆ ಗೊತ್ತಿರಲಿಲ್ಲ. ಬಾಪ ಮುಂದೆ, ನಾನು ಹಿಂದೆ. ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಒಂದೊಂದೇ ಮೆಟ್ಟಿಲು ಇಳಿದೆ. ಕೆಳಗಿನ ಮೆಟ್ಟಿಲಿನಲ್ಲಿ ಅವರು ನಿಂತರು. ತಿರುಗದೆಯೇ ಕೇಳಿದರು.

"ವೈಟ್‌ನರ್ ಹಾಕಿದ್ದು ಎಲ್ಲಿ?"

"ಕಾಲೇಜಿನ ಆಫೀಸಿನಲ್ಲಿ. ತಪ್ಪಾಯಿತು ಬಾಪ."

"ತಪ್ಪೇ." ಈಗ ತಿರುಗಿದರು. ಕಣ್ಣು ಕೆಂಪಾಗಿತ್ತು, ದನಿಯಲ್ಲಿ ಮಾತ್ರ ನನಗೆ ಚಿಕ್ಕಂದಿನಲ್ಲಿ ಲೆಕ್ಕ ಹೇಳಿಕೊಡುವಾಗಿನ ತಾಳ್ಮೆಯೇ ಇತ್ತು. "ಅರ್ಜಿಯಲ್ಲಿ ತಪ್ಪು ಬಿದ್ರೆ ಅದರ ಮೇಲೆ ಒಂದು ಗೆರೆ ಎಳೀಬೇಕು, ಪಕ್ಕದಲ್ಲಿ ಸರಿ ಯಾವುದೋ ಅದನ್ನು ಬರೀಬೇಕು. ಓದುವವರಿಗೆ ಎರಡೂ ಕಾಣಬೇಕು. ಬಿಳಿ ಬಳಿದು ಮುಚ್ಚಲಿಕ್ಕೆ ನಾವು ಎಂತ ಕದ್ದಿದ್ದೇವಾ?"